ಅರವತ್ತೆರಡನೆಯ ಸೀಸೆ

ಅರವತ್ತೆರಡನೆಯ ಸೀಸೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ ಪ್ರಸನ್ನ. ಏನೂ ಇರಲಿಲ್ಲ. ಹೆಬ್ಬೆರಳುದ್ದದ ಗಾಜಿನೊಳಗೆ ಡಿಕಾಕ್ಷನ್ ಬಣ್ಣದ ದ್ರಾವಣ ತಣ್ಣಗೆ ಮಲಗಿತ್ತು. ತಳದಲ್ಲಿ ಹರಳು ಹಾಗಿರಲಿ, ಹರಳಿನ ಧೂಳೂ ಇರಲಿಲ್ಲ.

“ನಲವತ್ತು ದಿವಸ ಆಯ್ತು ಸರ್,” ಎಂದಳು ರಂಜಿತ. “ಮುಟ್ಟಿಲ್ಲ. ಅದರ ಪಕ್ಕ ಕೂತು ಜೋರಾಗಿ ಮಾತೂ ಆಡಿಲ್ಲ.”

ಇದು ತಮಾಷೆಯೋ ದೂರೋ ತಿಳಿಯದೆ ಅವನು ಸೀಸೆಯನ್ನು ಇನ್ನೊಂದು ಸಲ ತಿರುಗಿಸಿದ. ಐದು ವರ್ಷದಿಂದ ಈ ಹುಡುಗಿ ಗೆಜ್ಜಲಗೆರೆಯಲ್ಲಿ ಬಸ್ಸು ಹತ್ತಿ ಮಂಡ್ಯದ ಈ ಕಾಲೇಜಿಗೆ ಬಂದು, ಅವನ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದಳು. ಸಂಶೋಧನೆಯೆಂದರೆ ಇಷ್ಟೇ: ಇಪ್ಪತ್ತೆರಡು ವರ್ಷದ ಹಿಂದೆ ಅವನು ಮಾಡಿದ್ದ ಒಂದು ಹರಳನ್ನು ಮತ್ತೆ ಮಾಡುವುದು, ಆಮೇಲೆ ಅದು ನೀರನ್ನು ಒಡೆಯುತ್ತದೋ ಇಲ್ಲವೋ ನೋಡುವುದು. ಆಮೇಲಿನದು ದೂರದ ಮಾತು, ಮೊದಲನೆಯದೇ ಆಗಿರಲಿಲ್ಲ.

ಎಲೆಯೊಳಗೆ ನಾಲ್ಕು ಮ್ಯಾಂಗನೀಸ್ ಪರಮಾಣು, ಒಂದು ಕ್ಯಾಲ್ಸಿಯಂ ಸೇರಿಕೊಂಡ ಒಂದು ಗಂಟಿದೆ. ಬಿಸಿಲು ಬಿದ್ದರೆ ಆ ಗಂಟು ನೀರನ್ನು ಒಡೆದು ಆಮ್ಲಜನಕ ಬಿಡುತ್ತದೆ. ಬದುವಿನ ಮೇಲಿನ ತುಂಬೆ ಗಿಡವೂ ಯಾರನ್ನೂ ಕೇಳದೆ ಮಾಡುವ ಕೆಲಸ ಅದು. ಅದನ್ನು ಗಾಜಿನೊಳಗೆ ಮಾಡಲು ಲೋಕದ ರಸಾಯನಶಾಸ್ತ್ರಜ್ಞರೆಲ್ಲ ತಲೆ ಚಚ್ಚಿಕೊಳ್ಳುತ್ತಿದ್ದ ಕಾಲದಲ್ಲಿ, ಹೆಚ್ಚುಕಮ್ಮಿ ಅಂಥದೇ ಒಂದು ಪ್ರಸನ್ನನ ಸೀಸೆಯಲ್ಲಿ ಹರಳುಗಟ್ಟಿತ್ತು. ಅಕ್ಕಿಕಾಳಿನಷ್ಟು ಗಾತ್ರ, ಕಡುಗೆಂಪು. ಒಂದೇ ಒಂದು ಸಲ. ಅವನ ಡಾಕ್ಟರೇಟು, ಎರಡು ವರ್ಷದ ಜರ್ಮನಿ, ಈ ಕೆಲಸ, ಮಂಡ್ಯದ ಗುತ್ತಲು ಬಡಾವಣೆಯ ಮನೆ, ಅದರ ನಡುಮನೆಯ ಗೋಡೆಯ ಫಲಕಗಳು ಎಲ್ಲವೂ ಆ ಅಕ್ಕಿಕಾಳಿನ ಮೇಲೆ ನಿಂತಿದ್ದವು.

ರಂಜಿತ ಬ್ಯಾಗಿನಿಂದ ಎರಡು ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಐದು ವರ್ಷ ಮುಗಿದರೂ ಕೆಲಸ ಯಾಕಾಗಿಲ್ಲ ಎಂದು ಸಂಶೋಧನಾ ಸಮಿತಿ ಅವಳಿಂದ ವಿವರಣೆ ಕೇಳಿತ್ತು. ಇವತ್ತು ಸಂಜೆ ಐದರೊಳಗೆ ಕೊಡಬೇಕು. ಒಂದು ಹಾಳೆಯಲ್ಲಿ, ಪ್ರಕಟವಾದ ವಿಧಾನದಂತೆ ಮಾಡಿದರೆ ಈ ಸಂಯುಕ್ತ ಬರುವುದಿಲ್ಲ ಎಂದಿತ್ತು. ಇನ್ನೊಂದರಲ್ಲಿ, ಇದು ನನ್ನ ಕೈಯಲ್ಲಿ ಆಗಲಿಲ್ಲ, ಸಂಶೋಧನೆಯಿಂದ ಬಿಡುಗಡೆ ಕೊಡಿ ಎಂದಿತ್ತು. ಎರಡಕ್ಕೂ ಅವಳು ಸಹಿ ಹಾಕಿರಲಿಲ್ಲ. ಮೊದಲನೆಯದು ಹೋದರೆ ಅವನು ಹೋದ, ಎರಡನೆಯದು ಹೋದರೆ ಅವಳು ಹೋದಳು.

“ಯಾವುದು ಕೊಡಲಿ ಸರ್?”

“ನೀನೇ ಯೋಚನೆ ಮಾಡು.”

“ನಾನು ಮಾಡಾಯ್ತು. ನಿಮ್ಮ ಪೇಪರಿನಲ್ಲಿ ಏನಾದ್ರೂ ಬರೆಯೋದು ಬಿಟ್ಟುಹೋಗಿದ್ಯಾ ಸರ್? ಸಣ್ಣದೇ ಇರ್ಲಿ. ಅದನ್ನ ಹೇಳಿದ್ರೆ ಎರಡೂ ಹರಿದು ಹಾಕಿ, ಆರು ತಿಂಗಳು ಟೈಮ್ ಕೇಳ್ತೀನಿ.”

“ಎಲ್ಲ ಬರೆದಿದೀನಿ. ಕೆಲವು ಸಲ ಕೈಗುಣ ಅಂತಲೂ ಇರುತ್ತೆ.”

ಕೈಗುಣ! ಊರೂರು ಹಾಸ್ಟೆಲ್ಲುಗಳಿಗೆ ಹೋಗಿ ಮೌಢ್ಯ ಬಿಡಿ ಎಂದು ಭಾಷಣ ಮಾಡುವವನ ಬಾಯಿಂದ ಈ ಮಾತು ಐದು ವರ್ಷದಲ್ಲಿ ಎಷ್ಟು ಸಲ ಬಂದಿತ್ತೋ. ರಂಜಿತ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. ಬೆರಳ ತುದಿಗಳು ಆಸಿಡ್ಡಿಗೆ ಹಳದಿಗಟ್ಟಿ ಸುಲಿದಿದ್ದವು. ಅವನಿಗೆ ನಾಚಿಕೆಯಾಯಿತು. ನಾಚಿಕೆಯಾದಾಗಲೆಲ್ಲ ಮಾಡುವಂತೆ ಗಡಿಯಾರ ನೋಡಿದ.

ಊರಲ್ಲಿ ಸ್ವಲ್ಪ ಕೆಲಸವಿದೆ, ಸಂಜೆಯೊಳಗೆ ಫೋನಿನಲ್ಲಿ ಹೇಳುತ್ತೇನೆ ಎಂದ. ಅರವತ್ತೆರಡನೆಯ ಸೀಸೆಯನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ. ರಂಜಿತಳ ಕಣ್ಣು ದೊಡ್ಡದಾಯಿತು. ಈ ಸೀಸೆಗಳನ್ನು ಕೂದಲೆಳೆಯಷ್ಟೂ ಅಲ್ಲಾಡಿಸಬಾರದು ಎಂದು ಹೇಳಿಕೊಟ್ಟವನೇ ಅವನು.

“ಐದಕ್ಕೆ ಆಫೀಸು ಮುಚ್ತದೆ ಸರ್,” ಎಂದಳು.

ಹೆದ್ದಾರಿಯಲ್ಲಿ ಕಾರು ತನ್ನಷ್ಟಕ್ಕೆ ತಾನು ಹೋಗುತ್ತಿತ್ತು. ಮಾಘದ ಬಿಸಿಲು ಗಾಜಿನ ಮೇಲೆ ಹಾಲಿನ ಕೆನೆಯಂತೆ ಕಟ್ಟಿತ್ತು. ಎರಡೂ ಕಡೆ ಬೆಳ್ಳಗೆ ಹೂ ಬಿಟ್ಟ ಕಬ್ಬು, ಅದರಾಚೆ ಎಲ್ಲೋ ಆಲೆಮನೆಯ ಹೊಗೆ, ಬೆಲ್ಲ ಕುದಿಯುವ ವಾಸನೆ. ತಾನು ಕಾರಿನಲ್ಲಿ ಕೂತಿದ್ದೇನೆ ಅನ್ನುವುದಕ್ಕಿಂತ, ಯಾರೋ ತನ್ನನ್ನು ಗಾಜಿನೊಳಗಿಟ್ಟು ಬಿಸಿಲಿಗೆ ಹಿಡಿದು ನೋಡುತ್ತಿದ್ದಾರೆ ಅನ್ನಿಸಿತು. ಏನೂ ಇಲ್ಲ ಎಂದು ಅವರೂ ಕೆಳಗಿಡಬಹುದು. ಒಂದು ಗದ್ದೆಯ ನಡುವೆ ಬೆದರುಬೊಂಬೆ ನಿಂತಿತ್ತು. ಮಡಕೆಯ ತಲೆ, ಕಪ್ಪು ಮೋರೆಗೆ ಸುಣ್ಣದ ಬೊಟ್ಟುಗಳು, ಯಾರದೋ ಹಳೇ ಅಂಗಿ. ಹಕ್ಕಿಗಳಿಗಲ್ಲ ಅದು, ಕಣ್ಣೆಸರಿಗೆ. ಬೆಳೆಯ ಮೇಲೆ ಬೀಳುವ ಕೆಟ್ಟ ಕಣ್ಣು ಮೊದಲು ಆ ಬೊಟ್ಟಿನ ಮೇಲೆ ಬಿದ್ದು ಸೋತುಹೋಗಲಿ ಎಂದು. ಅವನು ಬೇರೆ ಕಡೆ ನೋಡಿದ.

ಗೆಜ್ಜಲಗೆರೆಯ ಬಸ್‌ಸ್ಟಾಪಿನಲ್ಲಿ ಪಾಳಿ ಮುಗಿಸಿದ ಕಾರ್ಮಿಕರು ನಿಂತಿದ್ದರು. ರಂಜಿತಳ ಅಪ್ಪ ಹೊನ್ನಯ್ಯ ಇಲ್ಲೇ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಒಮ್ಮೆ ಕಾಲೇಜಿಗೆ ಬಂದು, ಯೂನಿಫಾರ್ಮಿನಲ್ಲೇ ಬಾಗಿಲ ಹೊರಗೆ ನಿಂತು, ನಮ್ಮ ಮಗಳ ಕೈಲಿ ಆಯ್ತದಾ ಸಾರ್ ಎಂದು ಕೇಳಿದ್ದ. ಆಗುತ್ತೆ ಹೊನ್ನಯ್ಯ, ಒಳ್ಳೇ ಹುಡುಗಿ ಎಂದಿದ್ದ ಪ್ರಸನ್ನ. ಆ ಮಾತಂತೂ ಸುಳ್ಳಾಗಿರಲಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಅವನೂ ಅವಳ ಹಾಗೇ ಇದ್ದ. ಮೈಸೂರಿನ ಲ್ಯಾಬಿಗೆ ರಜೆ ಬಂದು ಬೀಗ ಬಿದ್ದಾಗ, ಒಂದು ಸೀಸೆಯನ್ನು ಹತ್ತಿಯಲ್ಲಿ ಸುತ್ತಿಕೊಂಡು ಮಳವಳ್ಳಿ ಕಡೆಯ ತನ್ನ ಊರಿಗೆ ಬಂದಿದ್ದ. ಮನೆಯ ಗೋಡೆಯ ಗೂಡಿನಲ್ಲಿ ಇಟ್ಟ. ಅಪ್ಪ ಚಿಕ್ಕಮಾದು ಪ್ರೈಮರಿ ಶಾಲೆಯ ಮೇಷ್ಟ್ರು. ಬೌದ್ಧ ದೀಕ್ಷೆ ತೆಗೆದುಕೊಂಡ ವರ್ಷ ಗೂಡಿನಲ್ಲಿದ್ದ ದೇವರನ್ನೆಲ್ಲ ಇಳಿಸಿ ಬುದ್ಧನನ್ನು ಕೂರಿಸಿದ್ದವನು. ಆ ಬುದ್ಧನ ಮಗ್ಗುಲಲ್ಲೇ ಸೀಸೆ. ಯಾರೂ ಮುಟ್ಟಬಾರದು ಎಂದು ಪ್ರಸನ್ನ ಕಟ್ಟಪ್ಪಣೆ ಮಾಡಿದ್ದ. ಹನ್ನೊಂದು ದಿನ ಕಳೆದು ಹನ್ನೆರಡನೆಯ ಬೆಳಿಗ್ಗೆ ಎದ್ದು ನೋಡಿದರೆ ತಳದಲ್ಲಿ ಕೆಂಪು ಹರಳು. ಮುಚ್ಚಳ ತೆಗೆದರೆ ಸೀಸೆಯ ಬಾಯಿಯ ಒಳಗಡೆ, ಬೆಳ್ಳಗೆ, ಒಂದು ಬೆರಳಿನ ಗುರುತು.

ಅದನ್ನು ಅವನು ಪಂಚೆಯ ತುದಿಯಿಂದ ಒರೆಸಿದ. ಏನೆಂದು ಮೂಸಿ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ. ಅವ್ವ ದೇವಿರಮ್ಮನ ಹೆಬ್ಬೆರಳು ಸದಾ ಸುಣ್ಣವೇ. ದಿನಕ್ಕೆ ಹತ್ತು ಸಲ ಎಲೆ ಹಾಕುವ ಹೆಂಗಸು.

ಎಕ್ಸ್-ರೇ ಚಿತ್ರ ಬಂದಾಗ ಮ್ಯಾಂಗನೀಸುಗಳ ನಡುವೆ ಸುಣ್ಣದೊಳಗಿನ ಕ್ಯಾಲ್ಸಿಯಂ ಕೂತಿತ್ತು. ಈ ಕ್ಯಾಲ್ಸಿಯಂ ಎಲ್ಲಿಂದ ಬಂತಯ್ಯಾ ಎಂದು ಗೈಡು ಕೇಳಿದರು. ನಾನೇ ಕ್ಯಾಲ್ಸಿಯಂ ನೈಟ್ರೇಟ್ ಹಾಕಿದ್ದೆ ಸರ್ ಎಂದ. ಒಂದೇ ಉಸಿರು. ನಮ್ಮ ಅವ್ವ ಸುಣ್ಣದ ಕೈಯಲ್ಲಿ ಮುಟ್ಟಿದಳು ಎಂದು ಯಾವ ಪತ್ರಿಕೆಗೆ ಬರೆಯುವುದು? ಮೇಲಾಗಿ ಕೇರಿಯಿಂದ ಬಂದ ಹುಡುಗ, ಅದೂ ಮೌಢ್ಯದ ವಿರುದ್ಧ ಕಾಲೇಜಿನಲ್ಲಿ ಗಂಟಲು ಹರಿದುಕೊಂಡವನು. ಸುಳ್ಳಿಗೆ ಕಾರಣಗಳು ಸಾಲುಗಟ್ಟಿ ನಿಂತಿದ್ದವು, ಒಂದೊಂದೂ ಮರ್ಯಾದಸ್ಥ ಕಾರಣ.

ಆಮೇಲೆ ಅವನಿಗೂ ಆ ಹರಳು ಬರಲಿಲ್ಲ. ಬೇರೆ ದೇಶದವರು ಪತ್ರ ಬರೆದು ಕೇಳಿದಾಗ ತಾಳ್ಮೆ ಬೇಕು ಎಂದು ಉತ್ತರಿಸಿದ. ಸುಣ್ಣ ಹಾಕಿ ಮಾತ್ರ ಒಮ್ಮೆಯೂ ನೋಡಲಿಲ್ಲ. ಆಗದಿದ್ದರೆ ಎಂಬ ಭಯವಲ್ಲ, ಆಗಿಬಿಟ್ಟರೆ ಎಂಬ ಭಯ. ತಮಾಷೆಯೆಂದರೆ ಕಾರಿನ ಡಿಕ್ಕಿಯಲ್ಲಿ ಈಗಲೂ ಒಂದು ಡಬ್ಬಿ ಸುಣ್ಣವಿತ್ತು. ಹಾಸ್ಟೆಲ್ಲಿನ ಮಕ್ಕಳಿಗೆ ಪವಾಡ ಬಯಲು ಮಾಡಿ ತೋರಿಸಲು, ಅರಿಶಿನ ಬಳಿದ ನಿಂಬೆಹಣ್ಣಿನಲ್ಲಿ ರಕ್ತ ಬರಿಸಲು.

ಮದ್ದೂರು ದಾಟಿ ಒಳಕ್ಕೆ ತಿರುಗಿದ. ಕೊಕ್ಕರೆ ಬೆಳ್ಳೂರಿನಲ್ಲಿ ತಂಗಿ ಸೌಮ್ಯಳ ಮನೆ. ಅಪ್ಪ ತೀರಿಕೊಂಡ ಮೇಲೆ ಅವ್ವ ಇಲ್ಲೇ ಇದ್ದಳು. ಗುತ್ತಲಿನ ಮನೆಗೆ ಕರೆದರೆ, ಉಗಿಯಾಕೆ ಜಾಗ ಇಲ್ದಿರೋ ಮನೆ ಅದು ಎಂದು ಮೂರೇ ದಿನಕ್ಕೆ ವಾಪಸು ಬಂದಿದ್ದಳು.

ಮನೆಯ ಮುಂದೆ ಮುದಿ ಹುಣಸೆ ಮರ. ಅದರ ತುಂಬ ಕೊಕ್ಕರೆಗಳು ಗೂಡು ಕಟ್ಟಿದ್ದವು. ಕೊಂಬೆ, ಎಲೆ, ಕೆಳಗಿನ ನೆಲ, ಕಟ್ಟಿ ಹಾಕಿದ್ದ ಎಮ್ಮೆಯ ಬೆನ್ನು, ಎಲ್ಲಕ್ಕೂ ಹಿಕ್ಕೆ ಬಿದ್ದು ಬೆಳ್ಳಗಾಗಿತ್ತು. ಮೀನು ವಾಸನೆ. ಮರಿಗಳ ಕರಕರ ಸದ್ದು ಎಲ್ಲೋ ನಿದ್ದೆಯೊಳಗಿಂದ ಬಂದಂತೆ ಕೇಳುತ್ತಿತ್ತು. ಸೌಮ್ಯ ಇದ್ದಕ್ಕಿದ್ದ ಹಾಗೆ ಬಂದ ಅಣ್ಣನನ್ನು ನೋಡಿ ಗಾಬರಿಯಾದಳು, ಆಮೇಲೆ ಬೈದಳು, ಆಮೇಲೆ ಮುದ್ದೆಗೆ ಎಸರಿಟ್ಟಳು. ಉಂಡು ಕೈ ತೊಳೆಯುವವರೆಗೂ ಅವನು ಮಾತೆತ್ತಲಿಲ್ಲ. ಉಂಡ ಮೇಲೂ ಒಂದು ಗಳಿಗೆ ಮಳೆ, ಬೆಳೆ, ಅವ್ವನ ಮಂಡಿನೋವು ಎಂದು ಸುತ್ತಿದ. ಆಗಲೇ ನಾಲ್ಕು ದಾಟಿತ್ತು.

ದೇವಿರಮ್ಮ ಜಗುಲಿಯ ಮೇಲೆ ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದಳು. ಹಲ್ಲು ಹೋಗಿ ವರ್ಷಗಳಾಗಿದ್ದವು, ಚಟ ಹೋಗಿರಲಿಲ್ಲ.

“ಅವ್ವ, ನಾನು ಓದುವಾಗ ಊರಲ್ಲಿ ಗೂಡಿನೊಳಗೆ ಒಂದು ಸೀಸೆ ಇಟ್ಟಿದ್ದೆ. ಗ್ಯಾನ ಇದೆಯಾ?”

“ಇಲ್ದೆ ಏನು? ದಿನಾ ಎದ್ದೇಟ್ಗೆ ನೀನು ಅದ್ರ ಮಕ ನೋಡ್ತಿದ್ದೆ. ನಮ್ ಮಕ ನೋಡ್ತಿರ್ನಿಲ್ಲ.”

“ಅದನ್ನ ಮುಟ್ಟಿದ್ಯಾ?”

“ಮುಟ್ದೆ.”

ಇಷ್ಟೇ. ಇಪ್ಪತ್ತೆರಡು ವರ್ಷ ಅವನು ಕೇಳದೆ ಉಳಿದ ಪ್ರಶ್ನೆಗೆ, ಕುಟ್ಟಾಣಿಯಿಂದ ತಲೆ ಎತ್ತದೆ ಕೊಟ್ಟ ಉತ್ತರ. ಯಾವತ್ತು ಕೇಳಿದ್ದರೂ ಹೀಗೇ ಹೇಳುತ್ತಿದ್ದಳು.

ಮಿಕ್ಕಿದ್ದನ್ನೂ ತಾನಾಗಿಯೇ ಹೇಳಿದಳು. ಸೀಸೆ ಇಟ್ಟ ದಿನವೇ, ಮೇಷ್ಟ್ರ ಮಗ ಅದರಲ್ಲಿ ಚಿನ್ನ ಮಾಡುತ್ತಿದ್ದಾನೆ ಎಂದು ಕೇರಿಯಲ್ಲಿ ಸುದ್ದಿಯಾಗಿ, ಉಪ್ಪು ಕೇಳುವ ನೆಪದಲ್ಲಿ ಬಂದವರೆಲ್ಲ ಗೂಡಿನ ಕಡೆ ಇಣುಕುತ್ತಿದ್ದರಂತೆ. ಮಗನೋ ಸೊರಗಿ ಬಂದಿದ್ದಾನೆ. ಕಣ್ಣು ಬೀಳದೆ ಇನ್ನೇನಾಗುತ್ತದೆ? ಅವತ್ತೇ ರಾತ್ರಿ ಅವನು ಮಲಗಿದ್ದ ಹೊತ್ತಿನಲ್ಲಿ ಮುಚ್ಚಳ ಬಿಚ್ಚಿದಳು.

“ಒಂದು ಸುಣ್ಣದ ಬೊಟ್ಟು ಇಕ್ದೆ. ವರ್ಗಡೆ ಇಕ್ಕಿದ್ರೆ ನೀನು ನೋಡಿ ಬಯ್ತಿದ್ದೆ. ಮೂಡನಂಬ್ಕೆ ಪಾಡನಂಬ್ಕೆ ಅಂತ ಮನೇಲೆಲ್ಲಾ ಕೂಗಾಡ್ತಿದ್ದೆ. ಅದ್ಕೇ ಬಾಯಿ ಒಳಗಡೀಕೆ ಇಕ್ದೆ.”

ಅವನಿಗೆ ನಗು ಬಂತು. ಹೊರಗೆ ಇಟ್ಟಿದ್ದರೆ ಸುಣ್ಣ ಹೊರಗೇ ಉಳಿಯುತ್ತಿತ್ತು. ದ್ರಾವಣದ ಆವಿ ತಗುಲಿ, ಒಂದೊಂದೇ ಕಣ ಜಾರಿ, ಹನ್ನೊಂದು ದಿನ ಒಳಕ್ಕಿಳಿಯುತ್ತಲೇ ಇರಲಿಲ್ಲ. ಹರಳು ಅವ್ವನ ನಂಬಿಕೆಯಿಂದ ಆದದ್ದಲ್ಲ. ತನ್ನ ಬೈಗುಳಕ್ಕೆ ಅವಳು ಹೆದರಿದ್ದರಿಂದ ಆದದ್ದು.

ದೇವಿರಮ್ಮ ಕುಟ್ಟುವುದು ನಿಲ್ಲಿಸಿದಳು. “ಅದ್ರಿಂದ ಏನಾರಾ ಕೆಟ್ಟೋಯ್ತಾ ಮಗ?”

“ಯಾಕವ್ವ?”

“ಆವತ್ತಿಂದ ನೀನು ಅಳ್ಳೀಗೆ ಬರದೇ ಕಮ್ಮಿ ಮಾಡ್ದೆ. ಬಂದ್ರೂ ನನ್ ಕೈ ನೋಡ್ತಿದ್ದೆ. ಕಾಪಿ ಕೊಟ್ರೂ ಲೋಟ ನೋಡ್ತಿರ್ನಿಲ್ಲ, ಕೈ ನೋಡ್ತಿದ್ದೆ. ಇವ್ನು ಓದಿದ್ದುನ್ನ ನಾನೇ ಏನೋ ಹಾಳು ಮಾಡ್ಬುಟ್ಟೆ ಕಣಪ್ಪ ಅಂತ ನಿಮ್ಮಪ್ಪನ ತಾವೂ ಏಳ್ಕಂಡು ಅತ್ತಿದ್ದೆ.”

ಕೆಡಲಿಲ್ಲವ್ವ, ನನ್ನ ಬದುಕೆಲ್ಲ ನೀನಿಟ್ಟ ಬೊಟ್ಟು ಎನ್ನಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಇಲ್ಲಿ ಹೇಳಿದರೆ ಮಂಡ್ಯದಲ್ಲೂ ಹೇಳಬೇಕಾಗುತ್ತದೆ, ಐದರೊಳಗೆ.

“ಇಲ್ಲ. ಏನೂ ಆಗ್ಲಿಲ್ಲ,” ಎಂದ.

“ಅಂಗಾರೆ ಬುಡು,” ಎಂದಳು ದೇವಿರಮ್ಮ. ಆದರೆ ಅವಳು ಮತ್ತೆ ಕುಟ್ಟಲು ಹೊತ್ತು ಹಿಡಿಯಿತು.

ಅವನು ಜೇಬಿನಿಂದ ಕರವಸ್ತ್ರ ಬಿಚ್ಚಿ ಸೀಸೆಯನ್ನು ಜಗುಲಿಯ ಮೇಲಿಟ್ಟ. ಇದಕ್ಕೂ ಒಂದು ಬೊಟ್ಟು ಇಡು ಎಂದ. ತನ್ನ ದನಿ ತನಗೇ ಬೇರೆಯವರದಂತೆ ಕೇಳಿಸಿತು. ದೇವಿರಮ್ಮ ಸೀಸೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ನೀನೇ ಮಾಡಿದ್ದಾ ಎಂದು ಕೇಳಿದಳು. ಇಲ್ಲ, ನನ್ನ ಹತ್ತಿರ ಓದುವ ಒಂದು ಹುಡುಗಿಯದು ಎಂದ. ಐದು ವರ್ಷದಿಂದ ಮಾಡುತ್ತಿದ್ದಾಳೆ, ಆಗುತ್ತಿಲ್ಲ.

“ಅಲ್ಲಿ ಯಾರಾರಾ ಬಂದು ಇಣುಕ್ತಾರಾ?”

“ಯಾರೂ ಇಲ್ಲ. ಅವಳು, ನಾನು. ಇಬ್ಬರೇ.”

ಅವಳು ಸೀಸೆಯನ್ನು ಹುಷಾರಾಗಿ ಅವನ ಕಡೆಗೆ ಸರಿಸಿದಳು. “ನಾನ್ ಇಕ್ಕಿ ಏನ್ ಬಂತ್ಲಾ? ಇದ್ರ ಮ್ಯಾಲೆ ಕಣ್ಣು ಬಿದ್ದಿದ್ರೆ ನಿಂದೇ ಬಿದ್ದಿರ್ಬೇಕು.”

ಸಿಟ್ಟಿನಿಂದ ಅಂದದ್ದಲ್ಲ. ಉಪ್ಪು ಕಮ್ಮಿಯಾಗಿದೆ ಅನ್ನುವಷ್ಟು ಸಾಧಾರಣವಾಗಿ ಹೇಳಿ, ಕುಟ್ಟಿದ ಎಲೆಯನ್ನು ಬಾಯಿಗೆ ಹಾಕಿಕೊಂಡು, ದವಡೆ ಆಡಿಸುತ್ತ ಗೋಡೆಗೆ ಒರಗಿದಳು. ಸ್ವಲ್ಪ ಹೊತ್ತಿಗೆ ಕಣ್ಣು ಮುಚ್ಚಿದಳು. ತುಟಿಯ ಕೊನೆಯಲ್ಲಿ ಕೆಂಪು ಇಳಿಯುತ್ತಿತ್ತು. ಆ ಕೆಂಪು ಅವನಿಗೆ ಗೊತ್ತು. ಅದೇ ಬಣ್ಣದ ಹರಳು ಪತ್ರಿಕೆಯ ಮುಖಪುಟದಲ್ಲಿ ಅಚ್ಚಾಗಿತ್ತು.

ಅವಳ ಮಗ್ಗುಲಲ್ಲಿದ್ದ ಸುಣ್ಣದ ಡಬ್ಬಿಯನ್ನು ಕಳ್ಳನಂತೆ ಎತ್ತಿಕೊಂಡು ಅವನು ಹುಣಸೆ ಮರದ ಕೆಳಗೆ ಬಂದ. ಗಂಟೆ ನಾಲ್ಕೂ ಮುಕ್ಕಾಲು. ಮುಚ್ಚಳ ತಿರುಗಿಸಿ, ಹೆಬ್ಬೆರಳಿಗೆ ಸುಣ್ಣ ಹಚ್ಚಿಕೊಂಡು, ಸೀಸೆಯ ಬಾಯಿಯೊಳಗೆ ಒಂದು ಬೊಟ್ಟು ಇಟ್ಟ. ಮತ್ತೆ ಮುಚ್ಚಿದ. ಬೆರಳು ಚುರುಗುಟ್ಟಿತು. ಎರಡೂ ಕೈಯಲ್ಲಿ ಹಿಡಿದು ಎದೆಯ ಮಟ್ಟಕ್ಕೆ ಎತ್ತಿ ನೋಡುತ್ತ ನಿಂತ.

ಹನ್ನೊಂದು ದಿನ ಬೇಕು. ಹದಿನೈದು ನಿಮಿಷವಿತ್ತು. ಇದು ಗೊತ್ತಿದ್ದೂ ಅವನು ನೋಡುತ್ತಿದ್ದ. ಒಂದು ಹರಳು ಈಗಲೇ ಮೂಡಿಬಿಟ್ಟರೆ ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂಬ ಒಂದು ಮಗುವಿನ ಆಸೆ, ಐವತ್ತನೆಯ ವಯಸ್ಸಿನಲ್ಲಿ, ಎದೆಯೊಳಗೆ ಕೂತು ಹಟ ಮಾಡುತ್ತಿತ್ತು.

ಪ್ಯಾಂಟಿನ ಜೇಬಿನಲ್ಲಿ ಫೋನು ನಡುಗಿತು.

ಯಾರೆಂದು ನೋಡಬೇಕಾಗಿರಲಿಲ್ಲ. ಹೇಳಬೇಕಾದದ್ದು ಒಂದೇ ಮಾತು, ಸುಣ್ಣ. ಎರಡು ಅಕ್ಷರ. ಆದರೆ ಕೈ ಇಳಿಸಿದರೆ ದ್ರಾವಣ ಅಲ್ಲಾಡುತ್ತದೆ. ಬೆಳಿಗ್ಗೆಯಿಂದ ನಲವತ್ತು ಕಿಲೋಮೀಟರಿನ ಹತ್ತಿರ ಜೇಬಿನಲ್ಲಿ ಕುಲುಕಾಡಿದ ಸೀಸೆ ಅದು. ಈಗ ಅಲ್ಲಾಡಬಾರದು ಅನ್ನಿಸಿತು. ಫೋನು ನಿಂತಿತು. ಮತ್ತೆ ನಡುಗಿತು. ಮೈಯೆಲ್ಲ ಸಣ್ಣಗೆ ಝುಂ ಎನ್ನುತ್ತಿತ್ತು, ಗಾಜಿನೊಳಗೆ ಕಂದು ನೀರಿನ ಮೇಲೆ ಸಣ್ಣ ಬಳೆಗಳು ಮೂಡಿ ಅಳಿದವು. ಅವನು ಉಸಿರು ಬಿಗಿಹಿಡಿದ.

ಒಳಗಿನಿಂದ ಸೌಮ್ಯ, ಅಣ್ಣ ಕಾಪಿ ಆರೋಯ್ತದೆ ಎಂದು ಕೂಗಿದಳು. ಮೇಲಿನಿಂದ ತಟಕ್ಕನೆ ಏನೋ ಬಿತ್ತು. ಭುಜದ ಮೇಲೆ, ಬೆಚ್ಚಗೆ. ಇನ್ನೊಂದು ಹಣೆಗೆ ಬಿದ್ದು ಕನ್ನಡಕದ ಅಂಚಿಗೆ ಇಳಿಯಿತು. ಇಪ್ಪತ್ತೆರಡು ವರ್ಷದ ಹಿಂದೆ ಒರೆಸಿದ ಹಾಗೆ ಒರೆಸಲು ಇವತ್ತು ಕೈ ಖಾಲಿ ಇರಲಿಲ್ಲ.

ಮೂರನೆಯ ಸಲ ನಡುಗಿದ ಫೋನು ಅರ್ಧಕ್ಕೇ ನಿಂತಿತು. ಗಂಟೆ ಐದಾಗಿತ್ತು. ಒಂದು ಕೊಕ್ಕರೆ ಗೂಡಿನಿಂದ ಕೆಳಗಿನ ಕೊಂಬೆಗೆ ಬಂದು, ಕೈಗೆ ಎಟುಕುವಷ್ಟು ಹತ್ತಿರ, ಒಂದು ಕಾಲು ಮಡಚಿ ಕೂತಿತು. ಅವನು ಅದನ್ನೇ ನೋಡಿದ. ಅದು ಅವನನ್ನು ನೋಡಲಿಲ್ಲ. ಗೂಡಿನಿಂದ ಮತ್ತೊಂದು ಹನಿ ಬಿತ್ತು, ಕೆನ್ನೆಗೆ. ಮೋರೆಯ ಮೇಲೆ ಬೆಳ್ಳನೆಯ ಬೊಟ್ಟುಗಳು ಒಣಗುತ್ತಿದ್ದವು, ಮೈಮೇಲೆ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿಯಿತ್ತು, ಎರಡು ಕೈ ಮುಂದಕ್ಕೆ ಚಾಚಿದ್ದವು. ಕೊಕ್ಕರೆ ಕೊಕ್ಕಿನಿಂದ ರೆಕ್ಕೆ ತೀಡಿಕೊಳ್ಳತೊಡಗಿತು.